ಕಂಪ್ಯೂಟರಿನ ತಡೆ ತೆಗೆದವಳು ನಾನು

ರತ್ನಾ, ಆ ತಡೆ ತೆಗೆದವಳು ನಾನು. ನೀನಲ್ಲ. ಇಷ್ಟು ವರ್ಷ ನುಂಗಿಕೊಂಡಿದ್ದೆ — ಇನ್ನು ಆಗುವುದಿಲ್ಲ.

ಬೆಂಗೇರಿಯ ನಮ್ಮ ವಾಚನಾಲಯಕ್ಕೆ ಆಗಷ್ಟೇ ಇಂಟರ್ನೆಟ್ ಬಂದಿತ್ತು. ಮಕ್ಕಳು ಕೂರುವ ಕಂಪ್ಯೂಟರು. ಹೊಲಸು ಚಿತ್ರ ಬರಬಾರದೆಂದು ಫಿಲ್ಟರ್ ಎಂಬ ತಡೆ ಹಾಕಿದ್ದರು. ಅದು ಒಮ್ಮೊಮ್ಮೆ ಪಾಠದ ಪುಟವನ್ನೂ ತಡೆಯುತ್ತಿತ್ತು. ಅದಕ್ಕೇ ಗ್ರಂಥಪಾಲಕರು ಕಸ ಗುಡಿಸುವ ನನಗೂ ಪಾಸ್‌ವರ್ಡ್ ಬಾಯಿಪಾಠ ಮಾಡಿಸಿದ್ದರು. ನನ್ನನ್ನು ನಂಬಿ.

ಒಂದು ಮಧ್ಯಾಹ್ನ, ಅವರು ಊಟಕ್ಕೆ ಹೋದಾಗ, ಮಾಸ್ತರರು ಬಂದರು — ನನಗೆ ಆ ಕೆಲಸ ಕೊಡಿಸಿದವರು, ಓಣಿಯವರೆಲ್ಲ ಕಾಲಿಗೆ ಬೀಳುವವರು. "ಗಂಗವ್ವಾ, ಪೇಪರ್ ಓದಬೇಕಾಗೇತಿ, ಇದು ಬಿಡವಲ್ದು. ಸ್ವಲ್ಪ ತಗದ ಕೊಡವಾ." ತೆಗೆದುಕೊಟ್ಟೆ. ಹಿರಿಯರ ಬೆನ್ನ ಹಿಂದೆ ನಿಂತು ನೋಡಬಾರದು ಎಂಬ ನನ್ನ ಮರ್ಯಾದೆ ನೋಡು — ಅವರಿಗೆ ಚಹಾ ತರಲು ಹೊರಗೆ ಹೋದೆ. ನಿಮ್ಮ ಶಾಲೆಯ ಹುಡುಗಿಯರ ಸದ್ದು ಕೇಳಿ ಆ ಮಾಸ್ತರ ಪರದೆಯನ್ನಷ್ಟೇ ಆರಿಸಿ ಎದ್ದಿದ್ದ. ನೀನು ಕೂತು ಪರದೆಯ ಗುಂಡಿ ಒತ್ತಿದೆ. ನಾನು ಚಹಾ ಹಿಡಿದು ಒಳಗೆ ಬಂದಾಗ ಪರದೆಯ ಮೇಲೆ ಕಂಡದ್ದು — ಥೂ, ಅದನ್ನು ಬರೆಯಲಾರೆ.

ಮೊದಲು ಬಾಯಿ ಬಿಟ್ಟವನು ಅವನೇ. "ಹೆಣ್ ಹುಡುಗಿ ಆಗಿ ಇದೇನ್ ನೋಡ್ತೀ, ನಾಚಿಕಿ ಆಗೂದಿಲ್ಲೇನ?" ಮರಳಿ ಬಂದ ಗ್ರಂಥಪಾಲಕರು, ತಡೆ ತೆಗೆದವರು ಯಾರೆಂದು ನನ್ನನ್ನು ಕೇಳಿದರು. ನೀನು ನನ್ನ ಸೆರಗು ಹಿಡಿದೆ. "ಗಂಗಕ್ಕಾ, ನೀನರ ಹೇಳ..." ನಾನು ಹೇಳಿದೆ: "ನನಗೇನ್ ಗೊತ್ತರೀ ಸಾಹೇಬ್ರ. ನೀವು ಪಾಸ್‌ವರ್ಡ್ ಹೇಳೂದನ್ನ ಈಕೀ ಕದ್ದು ಕೇಳಿರಬೇಕ್ರಿ."

ಮುಂದಿನ ವಾರ ನಿನ್ನಪ್ಪ ನಿನ್ನ ಶಾಲೆ ಬಿಡಿಸಿದ. ನಾನು ಕಸ ಗುಡಿಸುತ್ತಲೇ ಇದ್ದೆ.

ನಿನ್ನೆ ನನ್ನ ಮೊಮ್ಮಗಳು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ ಶಾಲೆಯಲ್ಲಿ ಬಹುಮಾನ ಗೆದ್ದಳು. ನನ್ನ ಹಿಗ್ಗು ಏನು ಹೇಳಲಿ! ಪಕ್ಕದವಳನ್ನು ತಿವಿದು ತಿವಿದು, "ನಮ್ ಕೂಸರೀ ಅದು, ನಮ್ದು!" ಅಂದೆ. "ಗೊತ್ತಾತು ಬಿಡ್ರೀ ಆಯಿ, ನನ್ನ ಪಕ್ಕಡಿ ಎಲುಬು ಮುರೀಬ್ಯಾಡ್ರಿ" ಅಂದಳು ಆಕೆ. ಅಷ್ಟರಲ್ಲಿ ಬಹುಮಾನ ಕೊಡಲು ಎದ್ದವನು — ಅದೇ ಮಾಸ್ತರ. ಶಾಲು ಹೊದ್ದುಕೊಂಡು. ನನ್ನ ಕೂಸಿನ ತಲೆಯ ಮೇಲೆ ಕೈ ಇಟ್ಟ.

ಮನೆಗೆ ಬಂದವಳೇ ಅವಳ ತಲೆಗೆ ನೀರು ಸುರಿದು ಉಜ್ಜಿದೆ, ಉಜ್ಜಿದೆ. "ಆಯಿ, ನಾ ಏನ್ ತಪ್ಪ ಮಾಡೇನಿ?" ಎಂದು ಅತ್ತಳು. ನೀನೂ ಹಾಗೇ ಅತ್ತಿದ್ದೆ... ಅವನ ಕೈ ಹೊಲಸು ಅಂತ ತೊಳೆದೆ. ನನ್ನ ನಾಲಿಗೆಯನ್ನು ಏನು ಹಾಕಿ ತೊಳೆಯಲಿ?

ನಾಳೆ ನಿನ್ನಪ್ಪನ ಅಂಗಳದಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ, ಅವನ ಹೆಸರನ್ನೂ ನನ್ನ ಹೆಸರನ್ನೂ ಕೂಡಿಯೇ ಹೇಳುತ್ತೇನೆ. ನೀನು ಕ್ಷಮಿಸಬೇಡ. ಮೊಮ್ಮಗಳನ್ನೂ ಕರೆದುಕೊಂಡು ಹೋಗುತ್ತೇನೆ. ತನ್ನ ಆಯಿ ಎಂಥವಳು ಎಂದು ಅವಳಿಗೂ ತಿಳಿಯಲಿ.