ಮುದುಕಮ್ಮನ ಒಂದು ಹೂಂ

"ಮುದುಕಮ್ಮನ ಕೈಗುಣ ದೊಡ್ಡದವ್ವಾ. ಆಕಿ ಒಣಾ ಸೌದಿ ನೆಲಕ್ಕ ಊರಿದ್ರೂ ಅದು ನಾಚಿಕೊಂಡು ಚಿಗೀತದ" ಎಂದು ಓಣಿಯವರು ಹೇಳುತ್ತಿದ್ದರು. ರಾಯಚೂರಿನ ಹತ್ತಿ ಮಿಲ್ಲಿನ ಹಿಂದಿನ ಓಣಿಯ ಮಾತು ಇದು. ಮನೆಗೆ ಸೊಸೆ ಬಂದು ಒಂದು ವರ್ಷವಾದ ಮೇಲೆ ಇನ್ನೊಂದು ಮಾತು ಹುಟ್ಟಿತು. "ಅತ್ತಿ ಅಂದ್ರ ಮುದುಕಮ್ಮ. ಸೊಸಿ ಕೈಲಿ ಹಿತ್ತಲಕ್ಕ ಒಂದು ಕೊಡ ನೀರು ಹೊರಿಸಿದಾಕಿ ಅಲ್ಲ. ಇಂಥಾ ಅತ್ತಿ ಸಿಗಬೇಕಂದ್ರ ಏಳು ಜಲ್ಮದ ಪುಣ್ಯ ಬೇಕು."

ಮೊದಲ ಮಾತಿಗೆ ಒಂದು ಕಾಲದಲ್ಲಿ ಮುದುಕಮ್ಮ ಹಿಗ್ಗುತ್ತಿದ್ದಳು. ಎರಡನೆಯ ಮಾತು ಕಿವಿಗೆ ಬಿದ್ದರೆ ಮಾತ್ರ ಸೆರಗು ಎಳೆದುಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಹೊಗಳಿದರೆ ನಾಚುವ ಜೀವ ಎಂದು ಓಣಿ ತಿಳಿದುಕೊಂಡಿತ್ತು. ಮೆಣಸಿನಕಾಯಿ ಕಡಿದವರಿಗಲ್ಲವೇ ಉರಿ ಗೊತ್ತಾಗುವುದು.

ಅಜ್ಜಿಯ ಹೆಸರಿಟ್ಟಿದ್ದರಿಂದ ಅವಳು ತೊಟ್ಟಿಲಲ್ಲಿದ್ದಾಗಲೇ ಮುದುಕಮ್ಮ. ಗಂಡ ತಾಯಪ್ಪ ಗಂಜ್ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲ; ಮಗ ಯಂಕೋಬ ಅಂಬೆಗಾಲಿಡುವಾಗಲೇ ಗಂಡ ತೀರಿಹೋದ. ಅಂದಿನಿಂದ ಮುದುಕಮ್ಮ ಮಿಲ್ಲಿನಲ್ಲಿ ಹತ್ತಿಯ ಕಸ ಆರಿಸುತ್ತ ಮಗನನ್ನು ದೊಡ್ಡವನನ್ನಾಗಿ ಮಾಡಿದಳು. ಬಾಡಿಗೆ ಮನೆ, ಎರಡು ಖೋಲಿ. ಹಿಂದೆ ನಾಲ್ಕು ಹೊರಸು ಹಾಸುವಷ್ಟು ಹಿತ್ತಲು. ಬಚ್ಚಲ ನೀರು ಹರಿದು ಹೋಗುವ ಆ ನೆಲವೇ ಅವಳ ಹೊಲ, ಅವಳ ಗುಡಿ, ಅವಳ ಗರ್ವ.

ಹಸ್ತಿ ಮಳೆ ಮುಗಿದು ಚಿತ್ತಿ ಬಿಸಿಲು ಬಿದ್ದಾಗ ಆ ಹಿತ್ತಲನ್ನು ನೋಡಬೇಕಿತ್ತು. ಎಳೆಯದರಲ್ಲಿ ಪಲ್ಯವಾಗಿ ಹೋಗದೆ ಉಳಿದ ಪುಂಡಿ ಗಿಡಗಳು ಆಳೆತ್ತರ ನಿಂತು, ತಿಳಿಹಳದಿ ಹೂವಿನ ನಡುವೆ ಕಾಡಿಗೆ ಹಚ್ಚಿಕೊಂಡಂತೆ ಕಾಣುತ್ತಿದ್ದವು. ಅವರೆ ಬಳ್ಳಿ ನೇರಳೆ ಹೂವಿನ ಗೊಂಚಲು ಹೊತ್ತು ಗೋಡೆ ಹತ್ತಿ, ಅತ್ತಕಡೆಯ ನೆರೆಮನೆ ವಾಹಿದಾಳ ಅಂಗಳಕ್ಕೆ ಇಣುಕುತ್ತಿತ್ತು. ಹೀರೆ ಹೂವು ಹೊತ್ತು ಇಳಿದ ಮೇಲೆ ಬಿರಿಯುವುದು, ಗುಲಬಾಕ್ಷಿಯೂ ಹಾಗೆಯೇ. ಮಿಲ್ಲಿನ ಸಂಜೆಯ ಕೂಗು ಆದಮೇಲೇ ಅವಕ್ಕೆ ಬೆಳಗು. "ನನ್ನ ಗಿಡ ನನ್ನಂಗ, ಪಾಳಿ ಮುಗಿದ ಮ್ಯಾಲೆ ನಗ್ತಾವ" ಎನ್ನುತ್ತಿದ್ದಳು ಮುದುಕಮ್ಮ.

ಎಪ್ಪತ್ತಾರರ ಬೇಸಿಗೆಯಲ್ಲಿ ಯಂಕೋಬನ ಮದುವೆಯಾಯಿತು. ಹುಡುಗಿ ಗೋಪಮ್ಮ, ದೇವದುರ್ಗ ತಾಲ್ಲೂಕಿನ ಗೂಗಲ್ಲಿನವಳು, ಕೃಷ್ಣೆಯ ದಂಡೆಯ ಮಣ್ಣಿನಲ್ಲಿ ಕಾಲಾಡಿಸಿ ಬೆಳೆದವಳು. ಮಳೆಗಾಲದಲ್ಲಿ ತವರಿಗೆ ಹೋಗಿ ಬಂದಾಗ ಸೀರೆ ಗಂಟಿನೊಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಸೇವಂತಿ ಹಿಳ್ಳು, ತಾಯಿಗಿಡದ ಬುಡದಲ್ಲಿ ಒಡೆದ ಮರಿ, ತಂದಿದ್ದಳು.

"ಅತ್ತಿ, ಇದು ನಮ್ಮವ್ವನ ಸೇವಂತಿ. ನಮ್ಮವ್ವಗ ಅವರವ್ವ ಕೊಟ್ಟಿದ್ದು. ಇಲ್ಲಿ ಹಚ್ಚಲೇನು?"

"ಹಚ್ಚಬೇ, ಕೇಳ್ತೀ ಯಾಕ? ಬಚ್ಚಲ ನೀರಿನಿಂದ ಒಂದು ಮಾರು ದೂರ ಹಚ್ಚು."

ಹಚ್ಚಿದಳು. ಗಿಡ ಹತ್ತಿತು. ದಿನಾ ಬೆಳಗ್ಗೆ ಗೋಪಮ್ಮ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು ಏನೋ ಮಾತಾಡುವಳು. ಭಾದ್ರಪದದ ಹೊತ್ತಿಗೆ ಸಾಸಿವೆಯಷ್ಟು ಮೊಗ್ಗು. ಮುದುಕಮ್ಮನಿಗೆ ಒಂದೇ ಆಸೆ: ದಸರೆಗೆ ಇದು ಅರಳಬೇಕು, ಸೊಸೆಯ ತಲೆ ತುಂಬ ಮುಡಿಸಿ ಓಣಿಯಲ್ಲಿ ಒಂದು ಸುತ್ತು ಬರಬೇಕು. ಸೊಸೆಯ ಮೇಲಿನ ಅಕ್ಕರೆ ಎಷ್ಟು, ತನ್ನ ಕೈಗುಣದ ಜಂಬ ಎಷ್ಟು ಎಂದು ಆಗ ಅವಳೇ ಬಿಡಿಸಿ ನೋಡಿರಲಿಲ್ಲ.

ಅದೇ ತಿಂಗಳು ಕವಿತಾಳದ ತಮ್ಮ ಹಂಪಯ್ಯನ ಮನೆಗೆ ಹೋಗಿದ್ದಳು. ಅವನ ಹೊಲಕ್ಕೆ ಕಾಲುವೆ ನೀರು ಬಂದು ನೆಲ್ಲು ನಿಂತಿತ್ತು. ಹಂಪಯ್ಯ ಚೀಲದಿಂದ ಬಿಳೀ ಗೊಬ್ಬರ ತೆಗೆದು ಗದ್ದೆಗೆ ಎರಚುತ್ತಿದ್ದ. "ಅಕ್ಕಾ, ಇದು ಸರ್ಕಾರಿ ಗೊಬ್ಬರ. ಹಾಕಿದ ಮೂರನೇ ದಿನಕ್ಕ ಪೈರು ಕರ್ರಗ ಹಸರಾಗ್ತದ ನೋಡು!" ಮುದುಕಮ್ಮ ನೋಡಿದಳು. ತಮ್ಮ ಬದುವಿನ ಆಚೆ ಹೋದಾಗ ಎರಡು ಮುಷ್ಟಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಕೇಳಿದ್ದರೆ ಕೊಡುತ್ತಿದ್ದ. ಆದರೆ "ನಿನ್ನ ಕೈಗುಣಕ್ಕೂ ಗೊಬ್ಬರ ಬೇಕಾತೇನಕ್ಕಾ?" ಎಂದು ಜೀವನಪೂರ್ತಿ ನಗುತ್ತಿದ್ದ.

ಮರುದಿನ ಸಂಜೆ, ಗೋಪಮ್ಮ ಒಳಗೆ ರೊಟ್ಟಿ ಬಡಿಯುವಾಗ, ಆ ಎರಡೂ ಮುಷ್ಟಿಯನ್ನು ಸೇವಂತಿಯ ಬುಡಕ್ಕೆ ಸುರಿದಳು. ಗೋಡೆಯ ಮೇಲಿಂದ ವಾಹಿದಾ ಕೂಗಿದಳು: "ಏನಬೇ ಮುದುಕವ್ವಾ, ಗಿಡಕ್ಕ ಸಕ್ಕರಿ ಹಾಕಾಕತ್ತಿ? ನಾ ಬಂದ್ರ ಬೆಲ್ಲದ ಚಾ ಕುಡಸ್ತಿ!"

"ಇರುವಿಗೆ ಹಾಕಿದ್ನೆವಾ" ಎಂದು ಮುದುಕಮ್ಮ ಮಣ್ಣು ಮುಚ್ಚಿದಳು.

ಅಷ್ಟು ದೊಡ್ಡ ಗದ್ದೆಗೆ ಎರಚಿ ಹಂಚುವುದನ್ನು ಇಷ್ಟು ಸಣ್ಣ ಬುಡಕ್ಕೆ ಇಡೀ ಸುರಿದರೆ ಏನಾದೀತು? ಎರಡನೇ ದಿನ ಎಲೆಯ ಅಂಚು ಸುಟ್ಟ ರೊಟ್ಟಿಯಂತಾಯಿತು. ಮೂರನೇ ದಿನ ಗಿಡ ಕತ್ತು ಚೆಲ್ಲಿತು. ಗೋಪಮ್ಮ ಗಾಬರಿಯಾಗಿ ಅದಕ್ಕೊಂದು ಕಡ್ಡಿ ಆಸರೆ ಕೊಟ್ಟು, ನೂಲಿನಿಂದ ಕಟ್ಟಿದಳು. ಮರುದಿನ ಬೆಳಗ್ಗೆ ಅವಳು ಮುಟ್ಟಾಗಿ ಹಿತ್ತಲ ಬಾಗಿಲ ಮೂಲೆಯಲ್ಲಿ ದೂರ ಕುಳಿತಳು. ಆ ಹೊತ್ತಿಗೆ ಗಿಡ ಬುಡಸಮೇತ ಕಪ್ಪಾಗಿತ್ತು.

ಸುದ್ದಿ ಕೇಳಿ ಅಯ್ಯಮ್ಮ ಬಂದಳು. ಓಣಿಯಲ್ಲಿ ಹೆರಿಗೆಗೆ, ದೃಷ್ಟಿಗೆ, ನ್ಯಾಯಕ್ಕೆ ಎಲ್ಲಕ್ಕೂ ಅಯ್ಯಮ್ಮನೇ. ಅವಳ ಹಿಂದೆ ಇನ್ನೂ ನಾಲ್ಕು ಮಂದಿ. ಗಿಡ ನೋಡಿದಳು, ನೂಲು ನೋಡಿದಳು, ಮೂಲೆಯಲ್ಲಿ ಕುಳಿತವಳನ್ನು ನೋಡಿದಳು.

"ಗೊತ್ತಾತು ಬಿಡ್ರಿ. ಮುಟ್ಟಾಗೂ ಹೊತ್ತಿನ್ಯಾಗ ಗಿಡ ಮುಟ್ಟ್ಯಾಳ. ಸೇವಂತಿ, ಎಲಿಬಳ್ಳಿ ಇಂಥಾವು ತಡಿಯೂದಿಲ್ಲ. ಅದರಾಗ ಈಕಿ ಕೈ ಭಾಳ ಕಾವಿನ ಕೈ ಕಾಣ್ತದ. ಹೌದಲ್ಲೇನಬೇ, ಮುದುಕಮ್ಮ?"

ಗೋಪಮ್ಮ ಮೊಣಕಾಲಿಗೆ ಗದ್ದ ಹಚ್ಚಿ ಕುಳಿತಿದ್ದವಳು ತಲೆಯೆತ್ತಿ ಅತ್ತೆಯನ್ನು ನೋಡಿದಳು. ಅತ್ತೆ ಅಲ್ಲ ಎಂದರೆ ಅಲ್ಲ. ಮುದುಕಮ್ಮನ ನಾಲಿಗೆಯ ತುದಿಗೆ ತಮ್ಮನ ಚೀಲ ಬಂತು, ಸೆರಗಿನ ಗಂಟು ಬಂತು. ಅದರ ಹಿಂದೆಯೇ, ಒಣ ಸೌದೆ ಚಿಗುರಿಸುವ ಕೈ ಸೊಸೆಯ ತವರಿನ ಗಿಡ ಸುಟ್ಟಿತಂತೆ ಎಂದು ನಗುವ ಓಣಿಯೂ ಬಂತು.

"ಹೂಂ" ಎಂದಳು.

ಕಥೆ ಕೇಳುವವರು ಹೂಂ ಅನ್ನುತ್ತಿರಬೇಕು, ಇಲ್ಲದಿದ್ದರೆ ಕಥೆ ಅಲ್ಲೇ ನಿಂತುಬಿಡುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಅಯ್ಯಮ್ಮ ಕಟ್ಟಿದ ಕಥೆಗೆ ಮುದುಕಮ್ಮ ಒಂದೇ ಒಂದು ಹೂಂ ಅಂದಳು. ಕಥೆ ಎಂಟು ವರ್ಷ ನಡೆಯಿತು.

ಗೋಪಮ್ಮ ಅಳಲಿಲ್ಲ, ಜಗಳ ತೆಗೆಯಲಿಲ್ಲ. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಎದ್ದವಳು ಹಿತ್ತಲಿಗೆ ಮಾತ್ರ ಕಾಲಿಡಲಿಲ್ಲ. ಸಾರಿಗೆ ನಾಲ್ಕು ಎಸಳು ಕರಿಬೇವು ಬೇಕಾದರೂ ಹೊಸ್ತಿಲಲ್ಲಿ ನಿಂತು, "ಅತ್ತಿ, ನೀವೇ ಕಿತ್ತು ಕೊಡ್ರಿ. ನನ್ನ ಕೈ ಬ್ಯಾಡ" ಎನ್ನುವಳು. ಪ್ರತಿ ಪಂಚಮಿಗೆ ಗೂಗಲ್ಲಿನಿಂದ ಕರೆಯಲು ಬರುವ ಅಣ್ಣ ಉರುಕುಂದಪ್ಪ, "ಅವ್ವನ ಸೇವಂತಿ ಹಿಳ್ಳು ಒಡದಾವ, ತರಲೇನವಾ?" ಎಂದು ಕೇಳುವನು. "ಬ್ಯಾಡಣ್ಣ, ಅಲ್ಲೇ ಬದುಕಲಿ." ಒಲೆಯ ಮುಂದೆ ಕುಳಿತ ಮುದುಕಮ್ಮನಿಗೆ ಆ ಮಾತು ಕೆಂಡ ಬಿದ್ದಂತೆ ತಾಗುವುದು.

ಅಲ್ಲಿಂದ ಮುದುಕಮ್ಮನ ಮೈ ಬಗ್ಗಿತು. ನೀರು ತಾನೇ ಹೊತ್ತಳು, ಮುಸುರೆ ತಾನೇ ತಿಕ್ಕಿದಳು, ಜಾತ್ರೆಗೆ ಸೊಸೆಗೆ ಸೀರೆ ತಂದು ತಾನು ಹಳೆಯದನ್ನೇ ಉಟ್ಟಳು. ಓಣಿಯವರು ಏಳು ಜನ್ಮದ ಪುಣ್ಯ ಅಂದದ್ದು ಇದಕ್ಕೇ. ಗಿಡಗಳಿಗೋ ಅವಳ ತಪ್ಪಿನ ಪರಿವೆಯೇ ಇಲ್ಲ. ಆಶ್ವೀಜ ಬಂದರೆ ಸಾಕು, ಚೆಂಡುಹೂ, ಗುಲಬಾಕ್ಷಿ, ಅವರೆ ಎಲ್ಲವೂ ಸೊಕ್ಕಿ ಅರಳುವವು. ಬೈದಿದ್ದರೆ ಚೆನ್ನಾಗಿತ್ತು, ಅವು ನಕ್ಕುಬಿಡುತ್ತಿದ್ದವು. ಹೂವೆಲ್ಲ ಕಿತ್ತು ಓಣಿಗೆ ಹಂಚುವಳು, ತಾನೊಂದು ಎಸಳು ಮುಡಿಯಳು.

ಹೇಳಲು ನೋಡಲಿಲ್ಲವೆಂದಲ್ಲ. ಬನ್ನಿ ಹಬ್ಬದ ಸಂಜೆ ಮುನಿದವರೂ ಎಲೆ ಕೊಟ್ಟು ಒಂದಾಗುವ ಪದ್ಧತಿ. ಒಂದು ವರ್ಷ ಸೊಸೆಯ ಕೈಗೆ ಬನ್ನಿ ಇಟ್ಟು, "ಬಂಗಾರದಂಗ ಇರೂನು. ಗೋಪವ್ವಾ, ನಾ ಒಂದು ಮಾತು..." ಎಂದಳು. ಗೋಪಮ್ಮ ಅಷ್ಟರಲ್ಲಿ ಬಾಗಿ ಕಾಲು ಮುಟ್ಟಿದಳು. ಕಾಲು ಮುಟ್ಟಿದವಳ ನೆತ್ತಿಯ ಮೇಲೆ ಆ ಮಾತನ್ನು ಹೇಗೆ ಇಡುವುದು? ಮುಂದಿನ ವರ್ಷ ಹೇಳಿದರಾಯಿತು ಅಂದುಕೊಂಡಳು. ಮುಂದಿನ ವರ್ಷಗಳು ಸಾಲಾಗಿ ಬಂದವು.

ಎಂಬತ್ತನಾಲ್ಕರಲ್ಲಿ ಯಂಕೋಬನಿಗೆ ಮಾನವಿಯ ಕಚೇರಿಯೊಂದರಲ್ಲಿ ಜವಾನನ ಕೆಲಸ ಸಿಕ್ಕಿತು. ದಸರೆ ಮುಗಿಸಿ ಮನೆ ಖಾಲಿ ಮಾಡುವುದೆಂದಾಯಿತು. ಹೊರಡಲು ಮೂರು ದಿನ ಇತ್ತು. ಆರು ವರ್ಷದ ಮೊಮ್ಮಗಳು ಬಸ್ಸಮ್ಮ ಹಿತ್ತಲಿಗಿಳಿದು ಗುಲಬಾಕ್ಷಿಗೆ ಕೈ ಹಾಕಿದಳು. ಹೊಸ್ತಿಲಿನಿಂದ ಗೋಪಮ್ಮ ಹಾರಿ ಬಂದಳು. ಎಂಟು ವರ್ಷದಲ್ಲಿ ಅವಳು ಆ ನೆಲದ ಮೇಲೆ ಇಟ್ಟ ಮೊದಲ ಹೆಜ್ಜೆ ಅದು. ಮಗುವಿನ ಮುಂಗೈ ಮೇಲೆ ಚಟೀರನೆ ಹೊಡೆದಳು.

"ಮುಟ್ಟಬ್ಯಾಡ ಅಂದ್ರ ತಿಳಿಯೂದಿಲ್ಲ? ನನ್ನ ಕೈಯಾಗ ಇದ್ದದ್ದು ನಿನ್ನ ಕೈಯಾಗೂ ಬಂದಿರ್ತದ. ಗಿಡ ಸಾಯ್ತಾವ!"

ಮಗು ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಿತು, ಏನು ಬಂದಿದೆ ಎಂದು.

ಮುದುಕಮ್ಮ ಅದನ್ನು ನೋಡಿದಳು. ತನ್ನ ಹೂಂ ಒಬ್ಬಳಿಗೇ ಮುಗಿದಿಲ್ಲ, ಬೀಜ ಕಟ್ಟಿದೆ. ಮಧ್ಯಾಹ್ನ ಗೋಪಮ್ಮ ಪಾತ್ರೆಗಳನ್ನು ಗೋಣಿಗೆ ತುಂಬುವಾಗ ಎದುರಿಗೆ ಕುಳಿತು ಎಲ್ಲ ಹೇಳಿಬಿಟ್ಟಳು. ಕವಿತಾಳದ ಚೀಲ, ಸೆರಗಿನ ಗಂಟು, ಸಂಜೆ ಸುರಿದದ್ದು.

ಗೋಪಮ್ಮನ ಕೈ ನಿಂತಿತು. "ಎಷ್ಟು ಹಾಕಿದ್ರಿ?"

"ಎರಡು ಮುಷ್ಟಿ."

"ಒಂದು ಗಿಡಕ್ಕ?"

"ಹೂಂ."

ಗೋಪಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಅಂದಳು: "ಎಂಟು ವರ್ಷ, ಅತ್ತಿ. ರೊಟ್ಟಿ ಬಡಿಯೂ ಮುಂದ ಸೈತ ಈ ಕೈ ನೋಡ್ಕೋತಿದ್ದೆ, ಏನದ ಇದರಾಗ ಅಂತ. ಕೂಸು ಹಡೆದಾಗ ಎತ್ಕೊಳ್ಳಾಕ ಅಂಜಿದ್ದೆ. ನಿಮಗ ಕಾಣಲಿಲ್ಲೇನು?"

ಕಂಡಿತ್ತು. ಅದಕ್ಕೇ ಮುದುಕಮ್ಮ ತಲೆಯೆತ್ತಲಿಲ್ಲ. "ತಪ್ಪಾತವ್ವ" ಎಂದಳು.

"ನನ್ನ ಕಿವ್ಯಾಗ ತಪ್ಪಾತು ಅಂದ್ರ ಏನು ಬಂತು? ಹೂಂ ಅಂದಿದ್ದು ಓಣಿ ಮುಂದ. ಊಹೂಂ ಅನ್ನೂದೂ ಅಲ್ಲೇ ಆಗಲಿ." ಮತ್ತೆ ಪಾತ್ರೆ ತುಂಬತೊಡಗಿದಳು. ಮುಂದಿನ ಎರಡು ದಿನ ಅತ್ತೆ ಸೊಸೆಯ ನಡುವೆ ಪಾತ್ರೆಗಳಷ್ಟೇ ಸದ್ದು ಮಾಡಿದವು.

ಹೊರಡುವ ದಿನ ಮೂರರ ಬಿಸಿಲಲ್ಲಿ ಲಾರಿ ಬಂದು ನಿಂತಿತು. ಸಾಮಾನು ಏರಿತು. ಓಣಿ ನೆರೆಯಿತು. ಕೋಲೂರಿಕೊಂಡು ಬಂದ ಅಯ್ಯಮ್ಮ ಕಣ್ಣೊರೆಸಿಕೊಂಡು ಗೋಪಮ್ಮನಿಗೆ ಹೇಳಿದಳು: "ನೀ ಪುಣ್ಯವಂತಿ. ಗಿಡಾ ಸುಟ್ಟ ಸೊಸಿನ್ನೂ ಅಂಗೈಯಾಗ ಇಟ್ಟು ಸಾಕಿದ ಅತ್ತಿ ಈಕಿ. ಹೌದಲ್ಲೇನಬೇ, ಮುದುಕಮ್ಮ?"

ಗೋಪಮ್ಮ ಲಾರಿಯ ಕಡೆ ಮುಖ ಮಾಡಿ ನಿಂತಿದ್ದಳು, ನೋಡಲಿಲ್ಲ.

"ಊಹೂಂ" ಎಂದಳು ಮುದುಕಮ್ಮ.

"ಏನಂದಿ?"

"ಊಹೂಂ ಅಂದೆ. ಗಿಡಾ ಸುಟ್ಟಾಕಿ ನಾನು. ನಮ್ಮ ತಮ್ಮನ ಚೀಲದಾಗಿನ ಸರ್ಕಾರಿ ಗೊಬ್ಬರ ಕದ್ದು ತಂದು ಎರಡು ಮುಷ್ಟಿ ಸುರುವಿದೆ. ಆಕಿ ಕೈಯಾಗ ಏನೂ ಇಲ್ಲ."

ಅಯ್ಯಮ್ಮನ ಮುಖ ಬಿಗಿಯಿತು. "ಹಂಗಾದ್ರ ನಾ ಸುಳ್ಳು ಹೇಳಿದಂಗಾತೇನು?"

"ನೀ ತಿಳೀದ ಹೇಳಿದಿ, ಯಕ್ಕಾ. ನಾ ತಿಳಿದು ಹೂಂ ಅಂದೆ."

ವಾಹಿದಾ ಹಣೆ ಹಣೆ ಬಡಿದುಕೊಂಡಳು. "ಯಾ ಅಲ್ಲಾ! ಅದು ಸಕ್ಕರಿ ಅಲ್ಲೇನು? ನಿನ್ನ ಕೈಗುಣದ ಗುಟ್ಟು ಅದೇ ಅಂತ ಎಂಟು ವರ್ಷದಿಂದ ನಾ ನನ್ನ ಗುಲಾಬಿಗೆ ಸಕ್ಕರಿ ಹಾಕಾಕತ್ತೀನಲ್ಲಬೇ!"

ಓಣಿ ಗೊಳ್ಳೆಂದಿತು. "ಹೋಗ್ಲಿ ಬಿಡು, ಹಳೀ ಮಾತು" ಎಂದರು ಯಾರೋ. ಎಂಟು ವರ್ಷ ಅಂಜಿದ್ದು ಈ ನಗುವಿಗೆ! ಇದು ಇಷ್ಟು ಸಣ್ಣದೆಂದು ಗೊತ್ತಾದದ್ದೇ ಮುದುಕಮ್ಮನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಗೋಪಮ್ಮ ನಗಲಿಲ್ಲ. ಮಗಳ ಕೈ ಹಿಡಿದುಕೊಂಡು ಮತ್ತೆ ಮನೆಯೊಳಗೆ ಹೋದಳು. ಲಾರಿಯವನು ಎರಡು ಸಲ ಹಾರ್ನ್ ಹೊಡೆದ. ತಾಯಿ ಮಗಳು ಹೊರಗೆ ಬಂದಾಗ ಇಬ್ಬರ ಉಗುರೊಳಗೂ ಮಣ್ಣು. ಬಸ್ಸಮ್ಮನ ಲಂಗದ ಮಡಿಲಲ್ಲಿ ಗುಲಬಾಕ್ಷಿಯ ಗಡ್ಡೆ. ಗೋಪಮ್ಮ ಅತ್ತೆಯ ಪಕ್ಕದಿಂದಲೇ ಹಾದು ಲಾರಿ ಹತ್ತಿದಳು.

ಕೀಲಿ ಹಾಕುವ ಮುಂಚೆ ಮುದುಕಮ್ಮ ಒಮ್ಮೆ ಒಳಗೆ ಹೋದಳು. ಬರಿದಾದ ಖೋಲಿ ದಾಟಿ ಹಿತ್ತಲಿಗೆ ಬಂದಳು. ಪುಂಡಿ ಹೂವು ಬಾಡತೊಡಗಿತ್ತು, ಹೀರೆ ಹೂವು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಗುಲಬಾಕ್ಷಿಯ ಸಾಲಿನಲ್ಲಿ ಒಂದು ಹಸಿ ಕುಳಿ. ಅದರ ಸುತ್ತ ದೊಡ್ಡ ಬೆರಳಿನ ಗುರುತು, ಸಣ್ಣ ಬೆರಳಿನ ಗುರುತು. ಕುಳಿ ಕಂಡರೆ ಮುಚ್ಚುವುದು ಅವಳ ರೂಢಿ. ಬಗ್ಗಿ ಮಣ್ಣಿಗೆ ಕೈ ಹಾಕಿದವಳು ಹಾಗೆಯೇ ಹಿಂದಕ್ಕೆ ತೆಗೆದುಕೊಂಡಳು. ಇದು ತಾನು ಮುಚ್ಚುವಂಥದಲ್ಲ. ಹಿತ್ತಲ ಬಾಗಿಲಿಗೆ ಚಿಲಕ ಹಾಕಿ, ಮುಂಬಾಗಿಲು ಎಳೆದುಕೊಂಡು, ಹೊಸ್ತಿಲು ದಾಟಿದಳು.