ಮರೆವಿನ ಮನೆಗಳಿಂದ ರಕ್ತ ತರುವ ಬೊಳ್ಳಮ್ಮ

ಮಡಿಕೇರಿಯ ಆಸ್ಪತ್ರೆಯ ಹಿಂಭಾಗದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಜನವರಿಯ ಚಳಿ. ಬೊಳ್ಳಮ್ಮ ಮೆಟ್ಟಿಲ ಮೇಲೆ ಕುಳಿತು, ಗೋಣಿಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಮರದ ಕೊಡತಿಯಿಂದ ಕುಟ್ಟುತ್ತಿದ್ದಾರೆ. ಚೂರುಗಳನ್ನು ಅಗಲ ಬಾಯಿಯ ಫ್ಲಾಸ್ಕಿಗೆ ತುಂಬಿ, ಮೇಲೆ ಭತ್ತದ ಹೊಟ್ಟಿನ ಚೀಲ ಸುತ್ತಿ, ಇಡೀ ಗಂಟನ್ನು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಬೆರಳುಗಳು ಕೆಂಪಾಗಿ ಮರಗಟ್ಟಿವೆ. ಅವುಗಳನ್ನು ಕಂಕುಳಲ್ಲಿ ಒತ್ತಿಕೊಂಡು ನಗುತ್ತಾರೆ.

"ಬೆಳಿಗ್ಗೆ ಇಷ್ಟು ತಣ್ಣಗಿದ್ರೆ ಒಳ್ಳೇದೇ. ಸಂಜೆ ಬರುವಾಗ ಇದರ ಬೆಲೆ ಗೊತ್ತಾಗ್ತದೆ. ಬಿಸಿಲು ತಾಗಿದ ರಕ್ತ ಡಾಕ್ಟ್ರಿಗೆ ಉಪಯೋಗ ಇಲ್ಲ."

ಅಷ್ಟರಲ್ಲಿ ಜವರಪ್ಪ ಬರುತ್ತಾರೆ. ಮೈಸೂರು ಕಡೆಯವರು, ಪ್ರಯೋಗಾಲಯದ ಟೆಕ್ನೀಷಿಯನ್. ಸೂಜಿ ಹಾಕಿ ರಕ್ತ ತೆಗೆಯುವುದು ಅವರ ಕೆಲಸ. ಮನೆಯವರನ್ನು ಒಪ್ಪಿಸುವುದು, ತೆಗೆದ ರಕ್ತವನ್ನು ಕೆಡದಂತೆ ತರುವುದು ಬೊಳ್ಳಮ್ಮನವರ ಕೆಲಸ. ಇಬ್ಬರೂ ಭಾಗಮಂಡಲದ ಮೊದಲ ಬಸ್ಸು ಹಿಡಿಯುತ್ತಾರೆ. ಎಂದಿನ ದಿನವಾಗಿದ್ದರೆ ಬೊಳ್ಳಮ್ಮ ದಾರಿಯುದ್ದಕ್ಕೂ ಹತ್ತುವವರನ್ನೂ ಇಳಿಯುವವರನ್ನೂ ಮಾತಾಡಿಸುತ್ತಾರೆ. ಈ ದಿನ ಮಾತಿಲ್ಲ. ಇವತ್ತು ಹೋಗಬೇಕಾದದ್ದು ಓರಗಿತ್ತಿ ಪೊನ್ನಮ್ಮನವರ ಮನೆಗೆ. ಆ ಮನೆಯ ಹೊಸ್ತಿಲು ತುಳಿದು ನಾಲ್ಕು ವರ್ಷವಾಯಿತು.

ಕೇಂದ್ರ ಸರ್ಕಾರ ಐದು ವರ್ಷಗಳ ಹಿಂದೆ ಒಂದು ಸಣ್ಣ ಸಂಶೋಧನೆಗೆ ಅನುದಾನ ಕೊಟ್ಟಿತು. ನಡುವಯಸ್ಸಿನಲ್ಲೇ ಮರೆವು ಶುರುವಾಗಿ, ಕೊನೆಗೆ ಮನುಷ್ಯನನ್ನೇ ಅಳಿಸಿಹಾಕುವ ಕಾಯಿಲೆಯೊಂದಿದೆ. ಅದನ್ನು ಮೊದಲು ವಿವರಿಸಿದ ಜರ್ಮನ್ ವೈದ್ಯನ ಹೆಸರಿನಿಂದ ಅಲ್ಝೈಮರ್ ಕಾಯಿಲೆ ಎಂದು ಕರೆಯುತ್ತಾರೆ. ಅದು ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆಯೇ, ಇಳಿಯುವುದಾದರೆ ಅದರ ಗುರುತು ರಕ್ತದಲ್ಲಿ ಸಿಗುತ್ತದೆಯೇ ಎಂಬುದು ಸಂಶೋಧನೆಯ ಪ್ರಶ್ನೆ. ಅದನ್ನು ನಡೆಸುತ್ತಿರುವವರು ಡಾಕ್ಟರ್ ಕುಶಾಲಪ್ಪ. ಅವರ ಹೆಸರು ವೈದ್ಯರ ಪತ್ರಿಕೆಯಲ್ಲಿ ಅಚ್ಚಾಗಿದೆ. ಬೊಳ್ಳಮ್ಮನವರ ಹೆಸರು ಎಲ್ಲೂ ಇಲ್ಲ. ಆದರೆ ಈ ಸಂಶೋಧನೆ ಶುರುವಾದದ್ದು ಅವರ ಮನೆಯಿಂದ.

ಬೊಳ್ಳಮ್ಮನವರ ಗಂಡ ದೇರಪ್ಪ ಬಸ್ ಡ್ರೈವರ್ ಆಗಿದ್ದರು. ಭಾಗಮಂಡಲ, ಮಡಿಕೇರಿ ನಡುವಿನ ತಿರುವುಗಳೆಲ್ಲ ಅವರಿಗೆ ಕಣ್ಣು ಮುಚ್ಚಿದರೂ ಗೊತ್ತು ಎಂದು ಜನ ಹೇಳುತ್ತಿದ್ದ ಕಾಲವದು. 1956ರಲ್ಲಿ, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಒಂದು ಬೆಳಿಗ್ಗೆ, ನಾಪೋಕ್ಲಿಗೆ ದಾರಿ ಒಡೆಯುವ ಕವಲಿನಲ್ಲಿ ದೇರಪ್ಪ ಬಸ್ಸು ನಿಲ್ಲಿಸಿದರು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಕಂಡಕ್ಟರ್ ಎರಡು ಸಲ ಸೀಟಿ ಊದಿದ. ದೇರಪ್ಪ ಹಿಂದಕ್ಕೆ ತಿರುಗಿ, ತುಂಬಿದ ಬಸ್ಸಿನ ಮುಂದೆ ಮೆಲ್ಲಗೆ ಕೇಳಿದರು: "ಇಲ್ಲಿಂದ ಯಾವ ಕಡೆಗೆ ಹೋಗೋದು?"

ಕೆಲವರು ನಕ್ಕರು. ಒಬ್ಬರು ಬೆಳಿಗ್ಗೆಯೇ ಏರಿಸಿದ್ದಾನೆ ಎಂದರು. ಆ ಮಾತು ಬಸ್ಸಿಗಿಂತ ಮೊದಲೇ ಮಡಿಕೇರಿ ಮುಟ್ಟಿತೇನೋ. ಕೆಲವೇ ದಿನಗಳಲ್ಲಿ ಬಸ್ ಕಂಪನಿಯವರು ಕೆಲಸದಿಂದ ತೆಗೆದರು.

"ಹಬ್ಬಕ್ಕೂ ಕುಡಿಯದ ಜನ ಅವರು," ಎನ್ನುತ್ತಾರೆ ಬೊಳ್ಳಮ್ಮ. "ಮನೆಗೆ ಬಂದ ನೆಂಟರಿಗೆ ಸುರಿದು ಕೊಡ್ತಿದ್ರು, ತಾನು ಮುಟ್ಟುತ್ತಿರ್ಲಿಲ್ಲ. ಗಾಡಿ ಬಿಡೋನಿಗೆ ಇದು ಬೇಡ ಅಂತಿದ್ರು. ಅಂಥವರಿಗೆ ಕುಡುಕ ಅಂತ ಹೆಸರು ಬಂತು."

ಆಮೇಲಿನ ವರ್ಷಗಳು ಸುಲಭದವಲ್ಲ. ದೇರಪ್ಪ ಮನೆಯ ಬಚ್ಚಲಿಗೆ ಹೋಗುವ ದಾರಿ ಮರೆತರು. ಅಂಗಿಯ ಗುಂಡಿ ಹಾಕಲು ಮರೆತರು. ಹೆಂಡತಿಯನ್ನು 'ಅವ್ವ' ಎಂದು ಕರೆಯತೊಡಗಿದರು. ದೇವರ ಕಾಡಿನ ಮರ ಕಡಿದ ಶಾಪ ಎಂದರು ನೆಂಟರು. ದೇರಪ್ಪನ ತಂದೆಗೂ ಹೀಗೇ ಆಗಿತ್ತು ಎಂದು ಪಿಸುಗುಟ್ಟಿದರು. ಹರಕೆ ಆಯಿತು, ತಾಯಿತ ಆಯಿತು. ಬೊಳ್ಳಮ್ಮ ಎಸ್ಟೇಟಿನಲ್ಲಿ ಕಾಫಿ ಕೊಯ್ಯಲು ಹೋಗುವಾಗ ಗಂಡನನ್ನೂ ಜೊತೆಗೆ ಕರೆದುಕೊಂಡು ಹೋಗಿ, ತನ್ನ ಸಾಲಿನ ತುದಿಯಲ್ಲಿ ಕೂರಿಸಿ, ಕಣ್ಣಳತೆಯಲ್ಲಿಟ್ಟುಕೊಂಡು ದುಡಿದರು. ಇಬ್ಬರು ಗಂಡುಮಕ್ಕಳನ್ನು ಸಾಕಿದರು.

ಆಸ್ಪತ್ರೆಗೆ ಕರೆತಂದಾಗ ಕುಶಾಲಪ್ಪನವರು ಮೊದಲು ಕೇಳಿದ ಪ್ರಶ್ನೆ ರೋಗಿಯ ಬಗ್ಗೆ ಆಗಿರಲಿಲ್ಲ. "ಇವರ ತಂದೆ ಹೇಗೆ ತೀರಿಕೊಂಡರು?" ಎಂದು ಕೇಳಿದರು. ಶಾಪದ ಮಾತಾಡುವವರು ಬಿಟ್ಟರೆ ಬೇರೆ ಯಾರೂ ಅದನ್ನು ಕೇಳಿರಲಿಲ್ಲ. ಮದ್ದು ಇದೆಯೇ ಎಂದಾಗ ಡಾಕ್ಟರು ಇಲ್ಲ ಎಂದರು. ಬೊಳ್ಳಮ್ಮನಿಗೆ ಆ ಮನುಷ್ಯನ ಮೇಲೆ ನಂಬಿಕೆ ಹುಟ್ಟಿದ್ದು ಆ ಒಂದು 'ಇಲ್ಲ'ದಿಂದ.

ದೇರಪ್ಪ ಆಸ್ಪತ್ರೆಯಲ್ಲೇ ಕಣ್ಣುಮುಚ್ಚಿದ ದಿನ, ಡಾಕ್ಟರು ತಲೆ ತಗ್ಗಿಸಿ ನಿಂತು ಒಂದು ಮಾತು ಕೇಳಿದರು. ಇದು ಯಾವ ಕಾಯಿಲೆ ಎಂದು ಖಚಿತವಾಗಿ ಹೇಳಬೇಕಾದರೆ ಮಿದುಳನ್ನು ತೆಗೆದು ನೋಡಬೇಕು. ಬೇರೆ ದಾರಿ ಇಲ್ಲ. ಬೇಡ ಎಂದರೆ ಯಾರೂ ಒತ್ತಾಯ ಮಾಡುವುದಿಲ್ಲ.

ಪೊನ್ನಮ್ಮ ಅಲ್ಲೇ ಇದ್ದರು. ದೇರಪ್ಪನ ಅಣ್ಣನ ಹೆಂಡತಿ. ಮದುವೆಯಾಗಿ ಬಂದಾಗ ಮೈದುನ ಇನ್ನೂ ಚಿಕ್ಕವನು. ಅವನನ್ನು ಮೀಯಿಸಿ, ಉಣ್ಣಿಸಿ ಬೆಳೆಸಿದವರು ಅವರು. ಗಂಡ ಮರ ಬಿದ್ದು ಹರೆಯದಲ್ಲೇ ತೀರಿಕೊಂಡ ಮೇಲೂ ಆ ಮನೆಯನ್ನು ಹಿಡಿದು ನಿಲ್ಲಿಸಿದವರು. "ಅವ್ನ ತಲೆ ಒಡೆಯೊಕೆ ಕೊಟ್ಟರೆ, ನೀ ನಂಗೆ ಏನೂ ಅಲ್ಲ," ಎಂದು ಎದೆ ಬಡಿದುಕೊಂಡರು.

ಬೊಳ್ಳಮ್ಮ ಹೆಬ್ಬೆಟ್ಟು ಒತ್ತಿದರು.

"ಧೈರ್ಯ ಅಂತ ಎಲ್ಲ ಹೇಳ್ತಾರೆ. ಧೈರ್ಯ ಎಂತದ್ದೂ ಇಲ್ಲ," ಎನ್ನುತ್ತಾರೆ ಈಗ. "ಬದುಕಿದ್ದಾಗ ಎಲ್ರೂ ಅವರಿಗೆ ಒಂದೊಂದು ಹೆಸರಿಟ್ರು. ಕುಡುಕ, ಹುಚ್ಚ, ಶಾಪದವ. ನಿಜವಾದ ಹೆಸರು ಗೊತ್ತಾಗ್ಲಿ ಅಂತ ಕೊಟ್ಟೆ."

ಹಲವು ತಿಂಗಳ ಮೇಲೆ ಕುಶಾಲಪ್ಪನವರು ಅವರನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಕಂದು ಬಣ್ಣದ ಹಿನ್ನೆಲೆಯಲ್ಲಿ ಅಲ್ಲಲ್ಲಿ ಕಪ್ಪು ಕಲೆಗಳು, ಗಂಟುಬಿದ್ದ ನೂಲಿನಂಥ ಎಳೆಗಳು. "ಇದು ಕುಡಿತದಿಂದ ಬರುವಂಥದ್ದಲ್ಲ, ಬೊಳ್ಳಮ್ಮ," ಎಂದರು ಡಾಕ್ಟರು. "ನಿಮ್ಮ ಯಜಮಾನರ ತಪ್ಪು ಏನೂ ಇರಲಿಲ್ಲ."

ಬೊಳ್ಳಮ್ಮ ಅಲ್ಲಿಂದ ಮನೆಗೆ ಹೋಗಲಿಲ್ಲ. ನೇರ ಬಸ್ ಸ್ಟ್ಯಾಂಡಿಗೆ ನಡೆದರು. ಡ್ರೈವರುಗಳು, ಕ್ಲೀನರುಗಳು ಚಹಾ ಕುಡಿಯುತ್ತಿದ್ದರು. ಕಂಪನಿಯ ಏಜೆಂಟನ ಕಿಟಕಿಯ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ದೇರಪ್ಪ ಅವತ್ತು ಕುಡ್ದು ಬಸ್ಸು ನಿಲ್ಲಿಸಿದ್ದಲ್ಲ. ಕಾಯಿಲೆಯಿಂದ ನಿಲ್ಲಿಸಿದ್ದು. ದಾರಿ ಗೊತ್ತಾಗ್ಲಿಲ್ಲ ಅಂತ ಗೊತ್ತಾದ ಕೂಡ್ಲೆ ಬ್ರೇಕು ಹಾಕಿದ್ರು. ಒಬ್ಬರಿಗೂ ಒಂದು ಗಾಯ ಆಗ್ಲಿಲ್ಲ. ಡಾಕ್ಟ್ರು ಕಣ್ಣಾರೆ ನೋಡಿ ಹೇಳಿದ್ದಾರೆ, ನಾನೂ ನೋಡಿದ್ದೇನೆ."

ಒಬ್ಬ ಹಿರಿಯ ಡ್ರೈವರು ಎದ್ದು ನಿಂತು ಟೋಪಿ ತೆಗೆದರಂತೆ.

ಆ ಹೊತ್ತಿಗೆ ಸಂಶೋಧನೆ ಕುಂಟುತ್ತಿತ್ತು. ಪ್ಯಾಂಟು ಹಾಕಿದವರು ಪೆಟ್ಟಿಗೆ ಹಿಡಿದು ಹಳ್ಳಿಗೆ ಹೋದರೆ ಜನ ನಾಯಿ ಬಿಡುತ್ತಿದ್ದರು. ರಕ್ತ ಮಾರುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಅದಕ್ಕಿಂತ ದೊಡ್ಡ ಹೆದರಿಕೆ, ಮನೆತನಕ್ಕೆ ಕಾಯಿಲೆಯ ಹೆಸರು ಬಿದ್ದರೆ ಹೆಣ್ಣು ಕೊಡುವವರಿಲ್ಲ, ತರುವವರಿಲ್ಲ. ನೀವು ಜೊತೆಗೆ ಬರುತ್ತೀರಾ ಎಂದು ಕುಶಾಲಪ್ಪನವರು ಬೊಳ್ಳಮ್ಮನನ್ನು ಕೇಳಿದರು. ಅಂದಿನಿಂದ ಇದೇ ಕೆಲಸ. ಸಂಪಾಜೆ, ಚೆಂಬು, ಕರಿಕೆ, ಚೇರಂಬಾಣೆ. ವಾರಕ್ಕೆ ಮೂರೋ ನಾಲ್ಕೋ ಪ್ರಯಾಣ. ಬಸ್ಸು ಇಳಿದ ಮೇಲೆ ಏಳೆಂಟು ಮೈಲಿ ನಡಿಗೆ ಸಾಮಾನ್ಯ. ಇದುವರೆಗೆ ಮೂವತ್ತಕ್ಕೂ ಹೆಚ್ಚು ಮನೆಗಳು ಬಾಗಿಲು ತೆರೆದಿವೆ.

ಮೊದಲ ಸಲ ಹೋದಾಗ ಅವರು ಏನನ್ನೂ ಕೇಳುವುದಿಲ್ಲ. ಕೊಟ್ಟ ಕಾಫಿ ಕುಡಿದು, ಭತ್ತದ ಮಾತು, ದನದ ಮಾತು ಆಡಿ ಬರುತ್ತಾರೆ. ಎರಡನೆಯ ಸಲ ತನ್ನ ಗಂಡನ ಕತೆ ಹೇಳುತ್ತಾರೆ. ಸೂಜಿಯ ಮಾತು ಬರುವುದು ಮೂರನೆಯ ಸಲ. ಯಾವ ಮನೆಯ ಸುದ್ದಿಯನ್ನೂ ಇನ್ನೊಂದು ಮನೆಯಲ್ಲಿ ಎತ್ತುವುದಿಲ್ಲ. "ನಮ್ ಡಿಪಾರ್ಟ್‌ಮೆಂಟಲ್ಲಿ ಇವರ ಬಾಯಿಂದ ಒಂದು ಮನೆ ಹೆಸ್ರು ಹೊರಗೆ ಬಂದಿದ್ದು ನಾನು ಕೇಳಿಲ್ಲ," ಎನ್ನುತ್ತಾರೆ ಜವರಪ್ಪ.

ಅನುದಾನ ಈ ಮಾರ್ಚಿಗೆ ಮುಗಿಯುತ್ತದೆ. ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಕಳೆದ ತಿಂಗಳು ದಿಲ್ಲಿಯಿಂದ ಅಧಿಕಾರಿಯೊಬ್ಬರು ಬಂದಿದ್ದರು. ಎಲ್ಲವನ್ನೂ ನೋಡಿ, ಅವರು ನ್ಯಾಯವಾದ ಒಂದು ಪ್ರಶ್ನೆ ಕೇಳಿದರು. ವಂಶವೃಕ್ಷದಲ್ಲಿ ದೇರಪ್ಪನ ಅಣ್ಣನ ಕವಲು ಎಲ್ಲಿದೆ? ಆ ಅಣ್ಣ ಮರೆವು ಬರುವ ವಯಸ್ಸಿಗೆ ಮೊದಲೇ ಸತ್ತಿದ್ದಾನೆ. ಬೇರೆ ಊರಿನಲ್ಲಿ, ಬೇರೆ ನೀರು ಕುಡಿದು ಬೆಳೆದ ಅವನ ಮಗನ ಸ್ಥಿತಿ ತಿಳಿಯದೆ ಇದು ವಂಶದಲ್ಲಿ ಇಳಿಯುತ್ತದೆ ಎಂದು ಹೇಗೆ ಹೇಳುತ್ತೀರಿ?

ಕುಶಾಲಪ್ಪನವರು ಬೊಳ್ಳಮ್ಮನ ಕಡೆ ನೋಡಲಿಲ್ಲ. ಆ ಮನೆಗೆ ಮಾತ್ರ ಕಳಿಸಬೇಡಿ ಎಂದು ಬೊಳ್ಳಮ್ಮ ಮೊದಲೇ ಹೇಳಿದ್ದರು. ಆದರೆ ಹೋದ ವಾರ ಬಸ್ಸಿನಲ್ಲಿ ಒಂದು ಸುದ್ದಿ ಬಂತು. ಪೊನ್ನಮ್ಮನ ಮಗ ಗುರುವಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ವಯಸ್ಸು ನಲವತ್ತು ದಾಟಿಲ್ಲ. ಸೀಮೆಸುಣ್ಣ ಹಿಡಿದು ಕರಿಹಲಗೆಯ ಮುಂದೆ ಸುಮ್ಮನೆ ನಿಂತುಬಿಡುತ್ತಾರೆ. ಮಕ್ಕಳ ಹೆಸರು ಬರುವುದಿಲ್ಲ. ಸುದ್ದಿ ಕಳಿಸಿದವಳು ಅವರ ಹೆಂಡತಿ ಯಮುನ. 'ಚಿಕ್ಕವ್ವ ಒಮ್ಮೆ ಬರಬೇಕು' ಎಂದಷ್ಟೇ ಹೇಳಿಸಿದ್ದಳು.

ಭಾಗಮಂಡಲದಿಂದ ಕರಿಕೆಯ ದಾರಿ ಹಿಡಿದು, ನಡುವೆ ಒಳದಾರಿಗೆ ತಿರುಗಿ, ಬೊಳ್ಳಮ್ಮ ಆ ಅಂಗಳ ಮುಟ್ಟಿದಾಗ ಬಿಸಿಲು ಏರಿದೆ. ಕಣದಲ್ಲಿ ಕಾಫಿ ಹಣ್ಣು ಹರಡಿದೆ. ಪೊನ್ನಮ್ಮ ಅದನ್ನು ಕೈಯಾಡಿಸುತ್ತಿದ್ದವರು ತಲೆ ಎತ್ತಿ ನೋಡುತ್ತಾರೆ. ಬಾ ಎನ್ನುವುದಿಲ್ಲ, ಹೋಗು ಎನ್ನುವುದೂ ಇಲ್ಲ. ಜಗಲಿಯಲ್ಲಿ ಗುರುವಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತಿದ್ದಾರೆ.

ಬೊಳ್ಳಮ್ಮ ನೇರವಾಗಿ ಅವರ ಹತ್ತಿರ ಹೋಗಿ ಮನೆಮಾತಿನಲ್ಲೇ ಹೇಳುತ್ತಾರೆ. "ನಾ ಬೊಳ್ಳಮ್ಮ. ನಿನ್ನ ಚಿಕ್ಕವ್ವ. ಮಡಿಕೇರಿಂದ ಬಂದೊಳೆ."

ಗುರುವಪ್ಪನ ಮುಖ ಅರಳುತ್ತದೆ. "ಚಿಕ್ಕವ್ವ," ಎಂದು ಜಾಗ ಬಿಟ್ಟುಕೊಡುತ್ತಾರೆ.

"ನೆನಪುಂಟಾ ಅಂತ ಯಾವತ್ತೂ ಕೇಳಬಾರದು," ಎಂದು ಬೊಳ್ಳಮ್ಮ ಆಮೇಲೆ ಹೇಳುತ್ತಾರೆ. "ಕೇಳಿದ್ರೆ ಅವರಿಗೆ ನಾಚಿಕೆ ಆಗ್ತದೆ. ನಮ್ಮ ಹೆಸರು ನಾವೇ ಹೇಳಿಬಿಡ್ಬೇಕು."

ಅಂಗಳದಲ್ಲಿ ನಿಂತು ಇದನ್ನೆಲ್ಲ ನೋಡಿದ ಪೊನ್ನಮ್ಮ ಕೈಯೊರೆಸಿಕೊಂಡು ಮೆಟ್ಟಿಲು ಹತ್ತುತ್ತಾರೆ. ಮೊದಲ ಮಾತು ಕಟುವಾಗಿಯೇ ಬರುತ್ತದೆ. "ಈ ರಕ್ತ ಕೊಟ್ಟರೆ ನನ್ನ ಮಗಂಗೆ ಗುಣ ಆದೆನಾ?"

"ಇಲ್ಲೆ ಅಕ್ಕ."

"ಮತ್ತೆ ಎಂತಕೆ ಕೊಡೊಕು?"

ಬೊಳ್ಳಮ್ಮ ಹೆಗಲ ಗಂಟನ್ನು ಜಗಲಿಯ ಮೇಲೆ ಇಳಿಸುತ್ತಾರೆ. "ನಂಗೂ ಇಬ್ರು ಗಂಡುಮಕ್ಕ ಒಳೊ. ಇವನಿಗೂ ಎರಡು ಸಣ್ಣ ಮಕ್ಕ. ನಾಳೆ ಅವ್ಕೆ ಬಂದರೆ, ಡಾಕ್ಟ್ರು ಪುನಃ ಮೊದಲಿಂದ ಶುರು ಮಾಡೋದು ಬೇಡ. ಅಷ್ಟಕ್ಕೆ."

ಪೊನ್ನಮ್ಮ ಕಂಬಕ್ಕೆ ಒರಗಿ ಕುಳಿತುಕೊಳ್ಳುತ್ತಾರೆ. ನಾಲ್ಕು ವರ್ಷ ಒಳಗಿಟ್ಟುಕೊಂಡದ್ದು ಆಗ ಹೊರಬರುತ್ತದೆ. "ಅವ್ನ ತಲೆ ಬಿಚ್ಚುವಾಗ ನೀ ಅಲ್ಲಿ ಇದ್ದಾ?"

"ಬಾಗಿಲ ಹೊರಗೆ ಇದ್ದೆ. ಒಳಗೆ ಬಿಟ್ಟಿಲ್ಲೆ. ಮುಗಿದ ಮೇಲೆ ಡಾಕ್ಟ್ರ ಕಾಲು ಹಿಡ್ದೆ. ಹೊಲಿಗೆ ಸಣ್ಣದಾಗಿ ಹಾಕಿ, ಮನೇಲಿ ಅಕ್ಕ ಮೀಯಿಸ್ತಾರೆ, ಅವರ ಕೈಗೆ ತಾಗಬಾರದು ಅಂತ ಹೇಳ್ದೆ."

ಪೊನ್ನಮ್ಮ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. ಸೆರಗು ತೆಗೆದು ಹೇಳುತ್ತಾರೆ: "ತಾಗಿಲ್ಲೆ. ಕೂದಲ ಎಡೆಲಿ ಹುಡ್ಕಿದೆ. ಅಷ್ಟು ಸಣ್ಣಗೆ ಇತ್ತು."

ಆಮೇಲೆ ಆ ಮನೆಯಲ್ಲಿ ಯಾರೂ ಯಾರನ್ನೂ ಒಪ್ಪಿಸಬೇಕಾಗಲಿಲ್ಲ. ತಾಯಿಯ ರಕ್ತವೂ ಸಿಕ್ಕರೆ ಹೋಲಿಸಿ ನೋಡಲು ಅನುಕೂಲ ಎಂದು ಜವರಪ್ಪ ಹೇಳಿದ್ದೇ ತಡ, ಪೊನ್ನಮ್ಮ ತಾವೇ ಮೊದಲು ತೋಳು ಚಾಚುತ್ತಾರೆ. ಮಗ ನೋಡಿ ಹೆದರದಿರಲಿ ಎಂದು ಸೂಜಿ ಒಳಹೋಗುವಾಗಲೂ ನಗುತ್ತಾರೆ. ಮುಂದೆ ಗುರುವಪ್ಪನ ಸರದಿ. ಅವರ ಇನ್ನೊಂದು ಕೈಯನ್ನು ಬೊಳ್ಳಮ್ಮ ಹಿಡಿದಿದ್ದಾರೆ. ಮಕ್ಕಳದ್ದು ಎಂದು ಜವರಪ್ಪ ಬಾಯಿ ತೆರೆಯುತ್ತಲೇ ಬೊಳ್ಳಮ್ಮ ತಡೆಯುತ್ತಾರೆ. "ಅವರದ್ದು ಬೇಡ. ದೊಡ್ಡವರಾಗಿ ಅವರೇ ಹೇಳ್ಲಿ." ಯಮುನ ಒಳಗಿನಿಂದ ಕಡುಬು, ಕಾಫಿ ತರುತ್ತಾಳೆ. ಹೊರಡುವಾಗ ಪೊನ್ನಮ್ಮ ಅಂಗಳ ದಾಟಿ ಒಳದಾರಿಯ ತಿರುವಿನವರೆಗೂ ಜೊತೆಗೆ ಬರುತ್ತಾರೆ.

ರಕ್ತ ಮಡಿಕೇರಿಗೆ ಬಂದು, ಕೊನೆಯ ಬಸ್ಸಿನಲ್ಲಿ ಮೈಸೂರಿನ ಪ್ರಯೋಗಾಲಯ ತಲುಪಿತು. ಹದಿನೈದು ದಿನಗಳ ಮೇಲೆ ದಿಲ್ಲಿಯಿಂದ ತಂತಿ ಬಂತು. ಅನುದಾನವನ್ನು ಇನ್ನೂ ಐದು ವರ್ಷ ಮುಂದುವರಿಸಲಾಗಿದೆ. ಕುಶಾಲಪ್ಪನವರು ತಂತಿಯನ್ನು ಕೈಯಲ್ಲಿ ಹಿಡಿದು, ವಾರ್ಡು ದಾಟಿ ಬೊಳ್ಳಮ್ಮನವರನ್ನು ಹುಡುಕಿಕೊಂಡು ತಾವೇ ಬಂದರು. ಅವರು ಹಿತ್ತಿಲಲ್ಲಿ ಗಾಜಿನ ನಳಿಕೆಗಳನ್ನು ತೊಳೆದು ಬಿಸಿಲಿಗೆ ಇಡುತ್ತಿದ್ದರು.

"ಮನುಷ್ಯನ ವಂಶದ ಗುಣಗಳೆಲ್ಲ ರಕ್ತದ ಕಣಗಳೊಳಗೆ ಒಂದು ಬರಹದ ಹಾಗೆ ಇವೆ ಅಂತ ಈಗ ಹೊರದೇಶದಲ್ಲಿ ಹೇಳುತ್ತಿದ್ದಾರೆ," ಎಂದು ಡಾಕ್ಟರು ವಿವರಿಸಿದರು. "ಅದನ್ನು ಅಕ್ಷರ ಅಕ್ಷರವಾಗಿ ಓದಲು ಇನ್ನೂ ಯಾರಿಗೂ ಬರುವುದಿಲ್ಲ. ನಮ್ಮ ಕಾಲದಲ್ಲಿ ಬರುತ್ತದೋ ಇಲ್ಲವೋ. ಆದರೆ ಓದುವ ದಿನ ಬಂದಾಗ ಎಲ್ಲಿ ಹುಡುಕಬೇಕು ಎಂದು ಹೇಳಲು ಇಂಥ ಮನೆತನಗಳೇ ಬೇಕು."

ಬೊಳ್ಳಮ್ಮ ಅದನ್ನು ಗಮನವಿಟ್ಟು ಕೇಳಿದರು. ಅವರ ಹಿರಿಯ ಮಗ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದಾನೆ, ಕಿರಿಯವನು ಓದುತ್ತಿದ್ದಾನೆ. ಇಬ್ಬರಲ್ಲಿ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಯಾರೂ ಹೇಳಲಾರರು. ಆ ಪ್ರಶ್ನೆಯೊಂದಿಗೇ ಅವರು ದಿನಾ ಏಳುತ್ತಾರೆ. ಅದರ ಬಗ್ಗೆ ಕೇಳಿದರೆ, ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಒಂದು ನಳಿಕೆಯನ್ನು ಬೆಳಕಿಗೆ ಹಿಡಿದು ಕಲೆ ಉಳಿದಿದೆಯೇ ಎಂದು ನೋಡುತ್ತಾ ಉತ್ತರಿಸುತ್ತಾರೆ:

"ಓದೋರು ಯಾವತ್ತಾದ್ರೂ ಬರ್ಲಿ. ಬಂದ ದಿನ ಅವರು ಕೇಳಿದ್ದು ಇಲ್ಲಿ ಸಿಗ್ಬೇಕು. ಅಷ್ಟು ಕೆಲಸ ನಮ್ಮ ಮನೆಯವರೆಲ್ಲ ಸೇರಿ ಮಾಡಿಟ್ಟಿದ್ದೇವೆ."