ತಿರುಗಿ ನೋಡದ ನಡಿಗೆ

ಎಂಬತ್ತರ ದಶಕದಲ್ಲಿ ನಾನೂ ನನ್ನ ಗೆಳೆಯನೂ ನೋಡುತ್ತಿದ್ದ ಕೌಬಾಯ್ ಸಿನಿಮಾಗಳ ಇಂಗ್ಲಿಷ್ ನಮಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಆದರೆ ಕೊನೆಯಲ್ಲಿ ನಾಯಕ ಕುದುರೆಯೇರಿ, ಒಮ್ಮೆಯೂ ತಿರುಗಿ ನೋಡದೆ ಧೂಳಿನಲ್ಲಿ ಕರಗಿಹೋಗುವ ದೃಶ್ಯಕ್ಕೆ ಮಾತೇ ಬೇಕಿರಲಿಲ್ಲ. ಮಾರೇನಹಳ್ಳಿಯಲ್ಲಿ ಬಸ್ಸಿಳಿದು ನಾವೂ ಹಾಗೆಯೇ ಬೇರೆಯಾಗುತ್ತಿದ್ದೆವು. “ತಿರುಗಿದ್ರೆ ಕ್ಲೈಮ್ಯಾಕ್ಸ್ ಹಾಳು ಕಣೋ,” ಅನ್ನುತ್ತಿದ್ದ ಅವನು.

ನಿಶ್ಚಿತಾರ್ಥವಾದ ಮೇಲೆ ಒಮ್ಮೆ ನಾಗರಬಾವಿಯಲ್ಲಿದ್ದ ಹುಡುಗಿಯ ಮನೆಗೆ ಹೋಗಿ, ಸಂಜೆ ಹೊರಟೆ. ಖಾಲಿ ಸೈಟುಗಳ ಮೇಲೆ ಕೆಂಧೂಳು ಬಂಗಾರವಾಗಿ ತೇಲುತ್ತಿತ್ತು. ಅವಳು ಗೇಟಿನಲ್ಲಿ ನಿಂತಿದ್ದಾಳೆಂದು ಗೊತ್ತಿತ್ತು. ನನ್ನ ಬೆನ್ನೇ ಎಲ್ಲವನ್ನೂ ಹೇಳುತ್ತದೆ ಅಂದುಕೊಂಡು, ಕನಸಿನಲ್ಲಿದ್ದಂತೆ ನಡೆದುಬಿಟ್ಟೆ.

ಮದುವೆಯಾದ ಮೇಲೆ ಇದನ್ನೆಲ್ಲ ಅವಳಿಗೆ ವಿವರಿಸಿದೆ. ಸೊಪ್ಪು ಬಿಡಿಸುತ್ತಲೇ ಅಂದಳು: “ನಿಮ್ಮ ಬದಲು ಆ ಕುದುರೇನೇ ಬಂದಿದ್ರೆ, ಅದಾದ್ರೂ ಒಂದ್ಸಲ ತಿರುಗಿ ನೋಡ್ತಿತ್ತು.”